ಬೈದರೆ ಉಬ್ಬುವ ಹೊಟ್ಟೆ

ನನಗೆ ಬೈಯಲು ಬರುವುದಿಲ್ಲ. ಇದನ್ನು ನನಗೆ ನಾನೇ ಇಷ್ಟು ನೇರವಾಗಿ ಹೇಳಿಕೊಂಡಿದ್ದು ಮೊನ್ನೆ, ಕನ್ನಡಿಯ ಮುಂದೆ ನಿಂತು "ಮೂಳ" ಎಂಬ ಎರಡಕ್ಷರವನ್ನು ಅಭ್ಯಾಸ ಮಾಡುವಾಗ. ಮೊದಲಕ್ಷರ ಹೇಗೋ ಬಂತು. ಎರಡನೆಯದು ಗಂಟಲಲ್ಲೇ ಕೂತುಬಿಟ್ಟಿತು. ಕನ್ನಡಿಯಲ್ಲಿದ್ದ ಹುಡುಗಿಯ ಮುಖ ನೋಡಿ ಪಾಪ ಅನ್ನಿಸಿ "ನಿನಗಲ್ಲವ್ವ" ಎಂದು ಸಮಾಧಾನ ಬೇರೆ ಮಾಡಿದೆ. ಬೇರೆ ಊರಿನಲ್ಲಿ ಹೆಣ್ಣುಮಗಳಿಗೆ ಬೈಯಲು ಬಾರದಿದ್ದರೆ ಅದನ್ನು ಸದ್ಗುಣ ಎನ್ನುತ್ತಾರೆ. ನಮ್ಮೂರಿನಲ್ಲಿ ಅಂಥವಳಿಗೆ ಈಜು ಬಾರದ ಅಂಬಿಗನಿಗಿರುವಷ್ಟೇ ಮರ್ಯಾದೆ.

ಡೈರಿಯಲ್ಲಿ ನಾನು ಮಹಾ ಜಗಳಗಂಟಿ. ಬಸ್ಸಿನಲ್ಲಿ ಕಾಲು ತುಳಿದವನ ವಂಶವನ್ನು ಪುಟಗಟ್ಟಲೆ ಜಾಲಾಡಿದ್ದೇನೆ. ತುಳಿದ ಹೊತ್ತಿನಲ್ಲಿ ಮಾತ್ರ "ಸಾರಿ ರೀ" ಎಂದವಳು ನಾನೇ.

ಹೀಗಿರುವ ನನಗೆ, ಓದು ಮುಗಿದ ಮೇಲೆ, ಉಸ್ತುವಾರಿಯ ಕೆಲಸ ಸಿಕ್ಕಿದ್ದು ಹೊಟ್ಟೆಯಲ್ಲಿ. ಹೊಟ್ಟೆ ಎಂದರೆ ಊರ ಹೊರಗಿನ ಗ್ಯಾಸ್ ಸ್ಥಾವರ. ನೆಲದೊಳಗೆ ಬಾವಿಯಂಥ ದೊಡ್ಡ ತೊಟ್ಟಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಗುಮ್ಮಟ. ಗೋವಿನಜೋಳದ ದಂಟು, ಶೇಂಗಾ ಸಿಪ್ಪೆ, ಕಬ್ಬಿನ ಒಣಗರಿ, ಬಾಳೆದಿಂಡು, ಊರ ದನಗಳ ಸೆಗಣಿ, ಹೀಗೆ ಹಿಂದೆ ಹೊಲದಲ್ಲೇ ಬೆಂಕಿ ಹಚ್ಚಿ ಆಕಾಶಕ್ಕೆ ಮಸಿ ಬಳಿಯುತ್ತಿದ್ದುದನ್ನೆಲ್ಲ ಈಗ ಕತ್ತರಿಸಿ, ನೀರಲ್ಲಿ ಕಲಸಿ ಒಳಗೆ ಬಿಡುತ್ತಾರೆ. ಒಳಗಿರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಗ್ಯಾಸು ಬಿಡುತ್ತವೆ, ಗುಮ್ಮಟ ಮೇಲೇಳುತ್ತದೆ. ಆ ಗ್ಯಾಸಿನಿಂದ ಊರಿನ ಒಲೆ ಉರಿಯುತ್ತದೆ, ಬೀದಿದೀಪ ಬೆಳಗುತ್ತದೆ, ಹಿಟ್ಟಿನ ಗಿರಣಿ ತಿರುಗುತ್ತದೆ. ನಾನು ಓದಿದ ಪಠ್ಯಪುಸ್ತಕದಲ್ಲೂ ಇಷ್ಟಿದೆ. ಅದರಲ್ಲಿ ಇಲ್ಲದ್ದೆಂದರೆ, ನಮ್ಮ ಹೊಟ್ಟೆ ಬೈಸಿಕೊಂಡರೆ ಮಾತ್ರ ಏಳುತ್ತದೆ. ಬೆಳಿಗ್ಗೆ ಯಾರಾದರೂ ಅದರ ಮುಂದೆ ನಿಂತು ಉಗಿಯಬೇಕು. ಅದೂ ಮನಸಾರೆ. ಬಾಯಿಪಾಠದ ಬೈಗುಳಕ್ಕೆ ಅದು ಆಕಳಿಸುವುದೂ ಇಲ್ಲ.

ಊರು ಇದಕ್ಕೆ ಯಾವತ್ತೋ ಹೊಂದಿಕೊಂಡಿದೆ. ಎದುರಾದವರು "ಊಟ ಆಯ್ತಾ" ಎನ್ನುವ ಬದಲು "ಹೊಟ್ಟಿ ಎಷ್ಟ ಎದ್ದೈತಿ?" ಎಂದು ಕೇಳಿಕೊಳ್ಳುತ್ತಾರೆ. ಗುಮ್ಮಟ ಪೂರ್ತಿ ಎದ್ದಿದ್ದರೆ ಮನೆಮನೆಯಲ್ಲಿ ಬಜ್ಜಿ, ಅರ್ಧ ಎದ್ದಿದ್ದರೆ ಸಾರು, ಕೆಳಗಿದ್ದರೆ ಚುರುಮುರಿ. ಬೆಳಗಿನ ಬೈಗುಳ ಮುಗಿಯುವ ತನಕ ಗಂಡಹೆಂಡಿರು ಜಗಳವಾಡುವಂತಿಲ್ಲ. ಒಳ್ಳೆಯ ಸಿಟ್ಟು ಮನೆಯಲ್ಲೇ ಪೋಲಾಗಬಾರದಲ್ಲ. ಸ್ಥಾವರದ ಗೇಟಿಗೆ "ಇಲ್ಲಿ ಹೊಗಳಬಾರದು" ಎಂಬ ಬೋರ್ಡು ತೂಗುಹಾಕಿದ್ದಾರೆ. ಉದ್ಘಾಟನೆಗೆ ಬಂದಿದ್ದ ಮಂತ್ರಿಯೊಬ್ಬರು ಹೊಟ್ಟೆಯನ್ನು "ಕಾಮಧೇನು" ಎಂದು ಕೊಂಡಾಡಿದ ಕೂಡಲೇ ಅದು ಪುಸ್ಸೆಂದು ಇಳಿದು, ಅವರ ಭೋಜನಕ್ಕಿಟ್ಟ ಅನ್ನ ಅಕ್ಕಿಯಾಗಿಯೇ ಉಳಿದಿತ್ತಂತೆ. ಆಮೇಲೆ ಸ್ವಾಮಿಗಳೊಬ್ಬರು ಬಂದು ಶಾಂತಿಮಂತ್ರ ಹೇಳಿದರು. ಅವತ್ತು ಸ್ವಾಮಿಗಳಿಗೂ ಚುರುಮುರಿಯೇ ಪ್ರಸಾದ.

ಬೈಯುವ ಹುದ್ದೆ ತಿಪ್ಪವ್ವನದು. ಒಣ ಮೆಣಸಿನಕಾಯಿಯಂಥ ಮುದುಕಿ. ಬೆಳಿಗ್ಗೆ ಬಂದು, ಸೊಂಟಕ್ಕೆ ಸೆರಗು ಬಿಗಿದು, ಎಲೆ ಅಡಿಕೆ ಉಗುಳಿ ಶುರುಮಾಡುತ್ತಿದ್ದಳು: "ಏ ಹೊಟ್ಟಿಬಾಕ! ಊರ ಕಣಜ ನುಂಗಿ ಮಕ್ಕೊಂಡೀ ಏನ? ನಿನ್ನ ಬಾಯಾಗ ನನ್ನ ಹಳೇ ಕೆರ ತುರುಕಲಿ! ತಿನ್ನೂದು ಬಂಡಿಗಟ್ಟಲೆ, ಬಿಡೂದು ಬೆಕ್ಕಿನ ಹೂಸಿನಷ್ಟ. ನಾಚಿಕಿ ಆಗೂದಿಲ್ಲೇನ ನಿನ್ನ ತುಕ್ಕ ಹಿಡಿದ ಮೋತಿಗೆ?" ಮೋತಿ, ಅಂದರೆ ಮುಖ, ಎಂಬ ಮಾತಿಗೆ ಗುಮ್ಮಟ ಗುಡುಗುಡು ಎಂದು ಮೇಲೇಳುತ್ತಿತ್ತು. ಆ ಸಿಟ್ಟೆಲ್ಲ ನಿಜಕ್ಕೂ ಅವಳ ಓರಗಿತ್ತಿ ಈರವ್ವನ ಮೇಲಿನದು. ಇಬ್ಬರಿಗೂ ಒಂದು ರುಬ್ಬುಗುಂಡಿನ ಸಲುವಾಗಿ ಮದುವೆಯಾದ ವರ್ಷದಿಂದ ಜಗಳ. ಗುಂಡು ಕಳೆದು ಎಷ್ಟೋ ಕಾಲವಾಗಿತ್ತು. ಜಗಳ ಮಾತ್ರ ನುಣ್ಣಗೆ ರುಬ್ಬುತ್ತಲೇ ಇತ್ತು, ಊರಿಗೆ ಅನ್ನ ಬೇಯುತ್ತಿತ್ತು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಕಣ್ಣಿನ ಶಿಬಿರದಲ್ಲಿ. ಪೊರೆ ತೆಗೆಸಿಕೊಂಡ ತಿಪ್ಪವ್ವನನ್ನು, ಕಣ್ಣಿಗೆ ಪಟ್ಟಿ ಕಟ್ಟಿ ಒಂದು ಮಂಚದ ಮೇಲೆ ಮಲಗಿಸಿದರು. ಪಕ್ಕದ ಮಂಚದಲ್ಲೂ ಪಟ್ಟಿ ಕಟ್ಟಿಕೊಂಡ ಒಬ್ಬ ಮುದುಕಿ. ಇಬ್ಬರೂ ಸೊಸೆಯರ ಸುದ್ದಿ, ಮಂಡಿನೋವು, ಸತ್ತ ಗಂಡಂದಿರ ಗೊರಕೆ ಅಂತ ಮಾತಾಡಿಕೊಂಡು ನಕ್ಕು ನಕ್ಕು, ಹೊಲಿಗೆ ಬಿಚ್ಚೀತು ಎಂದು ನರ್ಸಮ್ಮನಿಂದ ಗದರಿಸಿಕೊಂಡರು. ಪಟ್ಟಿ ಬಿಚ್ಚಿದಾಗ ಪಕ್ಕದ ಮಂಚದಲ್ಲಿ ಈರವ್ವ! ಇಷ್ಟು ವರ್ಷ ಒಬ್ಬರ ಕಿರುಚಾಟವನ್ನಷ್ಟೇ ಇನ್ನೊಬ್ಬರು ಕೇಳಿದ್ದರು, ಮೆಲ್ಲನೆಯ ದನಿ ಹೇಗಿರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಶಿಬಿರದಿಂದ ಇಬ್ಬರೂ ಕೈ ಕೈ ಹಿಡಿದುಕೊಂಡು ಬಂದರು. ಊರು ಎದೆ ಬಡಿದುಕೊಂಡಿತು.

ಮರುದಿನ ತಿಪ್ಪವ್ವ ಹೊಟ್ಟೆಯ ಮುಂದೆ ನಿಂತು "ಏ ಹೊಟ್ಟಿಬಾಕ" ಎಂದವಳು, ಸೆರಗಿನ ಬಿಗಿ ಸಡಿಲಿಸಿ, "ಪಾಪ, ಅದರೇ ಏನ ಮಾಡೀತು" ಎಂದುಬಿಟ್ಟಳು. ಗುಮ್ಮಟ ನೆಲ ಕಚ್ಚಿತು.

ಆಮೇಲೆ ಊರಲ್ಲಿ ಯಾರು ಬೈಯಲಿಲ್ಲ ಹೇಳಿ. ಹೆಡ್ಮಾಸ್ತರರು ಬಂದು "ಎಲೈ ಅವಿವೇಕಿಯೇ" ಎಂದರು. ವಿರೋಧ ಪಕ್ಷದವರು ಬಂದು ಹೊಟ್ಟೆಯನ್ನು ಬಿಟ್ಟು ಆಡಳಿತ ಪಕ್ಷದವರನ್ನು ಬೈದು ಹೋದರು. ಹೊಸದಾಗಿ ಮದುವೆಯಾದವನೊಬ್ಬ ಅತ್ತೆಯ ಹೆಸರು ಹಿಡಿದು ಚೆನ್ನಾಗಿಯೇ ಆರಂಭಿಸಿದ್ದ. ಹಿಂದೆ ತಿರುಗಿ ನೋಡಿದರೆ ಅತ್ತೆ ನಿಂತಿದ್ದಳು. ಕೊನೆಗೆ ಊರವರೇ ಈರವ್ವನ ಕಾಲು ಹಿಡಿದರು, ನಿನ್ನ ಓರಗಿತ್ತಿಗೆ ಒಂದು ಸಲ ಸಿಟ್ಟು ಬರಿಸಿಕೊಡು ತಾಯಿ ಅಂತ. ಊರ ಹಿತಕ್ಕಾಗಿ ಈರವ್ವ, "ಏ ತಿಪ್ಪಿ, ನಿನ್ನ ಹೋಳಿಗಿ ಅಂದ್ರ ಕೆರದ ಅಟ್ಟಿ" ಎಂದಳು. ತಿಪ್ಪವ್ವ ಉರಿದೆದ್ದಳು. ಹಳೆಯ ಬೆಂಕಿಯಿಂದ ಹೊಟ್ಟೆಗೆ ಉಗಿದಳು. ಆಗ ನಾನು ಹತ್ತಿರದಲ್ಲೇ ನಿಂತು ನೋಡುತ್ತಿದ್ದೆ. ಗುಮ್ಮಟ ಅಲುಗಿತು, ಒಂದಿಷ್ಟು ಎದ್ದಿತು. ಏಳಲೇಬೇಕೆಂದು ತಿಣುಕಿತು. ಆಮೇಲೆ ಹುಳಿ ತೇಗೊಂದನ್ನು ಬಿಟ್ಟು ಮತ್ತೆ ಕೂತುಕೊಂಡಿತು.

ಆ ತೇಗು ನನ್ನನ್ನು ಎಚ್ಚರಿಸಿತು. ಬೈಗುಳ ಮುಟ್ಟಿತ್ತು. ಒಳಗೆ ಮಾತ್ರ ಶಕ್ತಿಯಿರಲಿಲ್ಲ.

ಊರವರು ಹೋದ ಮೇಲೆ ನಾನು ತೊಟ್ಟಿಯ ರಾಡಿಯನ್ನು ಬಟ್ಟಲಿನಲ್ಲಿ ತೆಗೆದು, ಹುಳಿ ಪರೀಕ್ಷಿಸುವ ನೀಲಿ ಕಾಗದ ಅದ್ದಿದೆ. ಕಾಗದ ಕೆಂಪಾಯಿತು. ಕಸ ಕಲಸುವ ಖಾಜಾಸಾಬ ಬಗ್ಗಿ ನೋಡಿದ. "ಇದೇನವ್ವಾ ನೀಲಗಂಗಾ, ಇದೂ ನಿನ್ನಂಗ ನಾಚಿಕೊಂಡೈತಲ್ಲ!" ನಾನು ನಕ್ಕೆ. ನಗುವುದು ನನಗೆ ಬರುತ್ತದೆ, ಅದರಿಂದ ಎಷ್ಟೋ ಮಾತು ತಪ್ಪಿಸಿಕೊಂಡಿದ್ದೇನೆ.

ಒಳಗೆ ಹುಳಿ ಏರಿತ್ತು. ಗ್ಯಾಸು ಬಿಡುವ ಜೀವಿಗಳಿಗೆ ಹುಳಿ ಆಗದು, ನಿಂಬೆಯ ಸಿಪ್ಪೆಯಲ್ಲಿರುವ ಎಣ್ಣೆಯಂತೂ ಸುತರಾಂ ಆಗದು. ಹೊಟ್ಟೆಗೆ ಬೀಳುತ್ತಿದ್ದುದು ಅದೇ, ಟ್ರಾಕ್ಟರುಗಟ್ಟಲೆ. ತಿಪ್ಪವ್ವ ಶಿಬಿರಕ್ಕೆ ಹೋದ ಹೊತ್ತಿನಲ್ಲೇ ಅಡಿವೆಪ್ಪ ಮಾವ ತಮ್ಮ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ರಸ ಹಿಂಡಿ ಉಳಿದ ನಿಂಬೆಸಿಪ್ಪೆಯನ್ನು ಹೊಟ್ಟೆಗೆ ದಾನ ಮಾಡಲು ಶುರುಮಾಡಿದ್ದರು. ಊರು ಓರಗಿತ್ತಿಯರ ಗೆಳೆತನವನ್ನು ನೋಡುತ್ತಿತ್ತು. ಸಿಪ್ಪೆಯನ್ನು ಯಾರೂ ನೋಡಲಿಲ್ಲ.

ಮಾಡಬೇಕಾದ್ದೂ ದೊಡ್ಡದೇನಲ್ಲ. ಸಿಪ್ಪೆ ನಿಲ್ಲಿಸಬೇಕು, ಸುಣ್ಣದ ತಿಳಿ ಹಾಕಬೇಕು, ಹಸಿ ಸೆಗಣಿ ಬಿಟ್ಟು ಕಾಯಬೇಕು. ಆದರೆ ಇದನ್ನು ಅಡಿವೆಪ್ಪ ಮಾವನಿಗೆ ಹೇಳಬೇಕಲ್ಲ! ಅವರು ಹೊಟ್ಟೆಯ ಕಮಿಟಿಗೆ ಅಧ್ಯಕ್ಷರು, ಊರಿಗೆಲ್ಲ ಮಾವ. ಯಾರ ಮನೆಯ ಮದುವೆಯಾದರೂ ಪಂಕ್ತಿಯ ತುದಿಯಲ್ಲಿ ಅವರ ಉಪ್ಪಿನಕಾಯಿಯ ಜಾಡಿ ಇರುತ್ತದೆ. ನನಗೆ ಈ ಕೆಲಸ ಕೊಟ್ಟವರು ಅವರು. ನಮ್ಮವ್ವ ನಿಂಬೆಹಣ್ಣು ಕತ್ತರಿಸುವುದು ಅವರ ಕಾರ್ಖಾನೆಯಲ್ಲಿ. ಕೆಟ್ಟವರಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಆದರೂ ಒಂದು ಬೆಳಿಗ್ಗೆ ಧೈರ್ಯ ಮಾಡಿ ಗೇಟಿನಲ್ಲಿ ಅವರ ಎದುರು ನಿಂತೆ. ಹಿಂದೆ ಸಿಪ್ಪೆಯ ಟ್ರಾಕ್ಟರು ಘಮ್ಮೆನ್ನುತ್ತಿತ್ತು.

"ಏನ ಮಗಳ, ಏನೋ ಹೇಳಾಕ ಬಂದಂಗ ಕಾಣತೈತಿ?"

"ಮಾವ, ಆ ನಿಂಬಿ..."

"ಹ್ಞಾಂ, ನಿಂಬಿ?"

ಅವರ ಮುಖದಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ, ನನ್ನ ವಾಕ್ಯ ಅದರಲ್ಲಿ ಕಾಲು ಜಾರಿ ಬಿತ್ತು. "ನಿಂಬಿ ಉಪ್ಪಿನಕಾಯಿ ಈ ಸಲ ಭಾಳ ಚಲೋ ಆಗೇತ್ರಿ" ಎಂದೆ.

ಮಾವ ಹಿಗ್ಗಿಹೋದರು. ಮರುದಿನ ನಮ್ಮ ಮನೆಗೆ ಒಂದು ಜಾಡಿ ಬಂತು, ಹೊಟ್ಟೆಗೆ ಒಂದರ ಬದಲು ಎರಡು ಟ್ರಾಕ್ಟರು ಸಿಪ್ಪೆ ಬಂತು. ಖಾಜಾಸಾಬ ಸಲಿಕೆ ಊರಿ ನಿಂತು, "ಯಾರವ್ವಾ ಈ ಪುಣ್ಯ ಕಟ್ಟಿಕೊಂಡವರು?" ಎಂದ. ನಾನು ನಕ್ಕೆ.

ಊರು ಹದಗೆಡತೊಡಗಿತು. ಜನ ಮತ್ತೆ ಕಟ್ಟಿಗೆ ಒಲೆ ಹೂಡಿದರು. ಹೊಟ್ಟೆ ತಿನ್ನದ ದಂಟು, ಗರಿಗಳಿಗೆ ಹೊಲದಲ್ಲಿ ಬೆಂಕಿ ಬಿತ್ತು. ಹೊಗೆ ಊರೊಳಗೆ ಬಂದು ನೆಂಟನಂತೆ ಝಂಡಾ ಊರಿತು, ಎಲ್ಲರ ಕಣ್ಣಲ್ಲೂ ನೀರು. ಹೊಸ ಕಣ್ಣು ಹಾಕಿಸಿಕೊಂಡ ತಿಪ್ಪವ್ವ, "ಇದನ್ನ ನೋಡಾಕ ಪೊರಿ ತಗಸಬೇಕಿತ್ತ?" ಎಂದು ಈರವ್ವನ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೊನೆಗೆ ಕಮಿಟಿ ಸೇರಿತು. ಹೊಟ್ಟೆಯನ್ನು ಒಡೆದು ಕಬ್ಬಿಣವನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಗುವುದರಲ್ಲಿತ್ತು. ನಾನು ಮೂಲೆಯಲ್ಲಿ ಕೂತು ಚಾ ಲೋಟವನ್ನು ತಿರುಗಿಸುತ್ತಿದ್ದೆ. ಎಲ್ಲಿ ಹೋದರೂ ಕೈಕಾಲು ಎಲ್ಲಿಡಬೇಕೆಂದು ತಿಳಿಯದ ನನಗೆ, ಈ ಭೂಮಿಯ ಮೇಲೆ ಹಾಯೆನಿಸುವ ಜಾಗ ಆ ಹೊಟ್ಟೆಯೊಂದೇ. ಅದರ ಪಕ್ಕ ಕೂತರೆ ಒಳಗಿನ ಗುಳುಗುಳು ಕೇಳುತ್ತಿತ್ತು. ಅದಕ್ಕೆ ನಾನು ಉತ್ತರ ಕೊಡಬೇಕಿರಲಿಲ್ಲ.

ಆಗ ಅಡಿವೆಪ್ಪ ಮಾವ ಕೈ ಎತ್ತಿದರು. "ತಡೀರಿ. ಒಡೆಯೂದಕ್ಕ ಮೊದಲ ಒಂದು ಉಳದೈತಿ. ಕಲಿತವರ ಸಿಟ್ಟು ನಾವು ಇನ್ನೂ ನೋಡಿಲ್ಲ. ಕಲಿತವರು ಸಿಟ್ಟನ್ನ ಒಳಗ ಹಾಕಿ ಮುಚ್ಚಿಟ್ಟಿರ್ತಾರ, ಉಪ್ಪಿನಕಾಯಿ ಹಂಗ. ಹಳೇದಾದಷ್ಟೂ ಖಾರ. ನಮ್ಮ ನೀಲಗಂಗಾ ಬೈತಾಳ."

ಎಲ್ಲರೂ ನನ್ನ ಕಡೆ ತಿರುಗಿದರು. ಲೋಟದಲ್ಲಿದ್ದ ಚಾ ನನ್ನ ಮಡಿಲಿಗೆ ಬಂತು. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಸಂತೆಯ ದಿನ ಬೆಳಿಗ್ಗೆ ನಾನು ಬೈಯಬೇಕು. ಹೊಟ್ಟೆ ಎದ್ದರೆ ಉಳಿಯುತ್ತದೆ, ಏಳದಿದ್ದರೆ ಅವತ್ತೇ ಗುಜರಿ.

ತಿಪ್ಪವ್ವ ನನ್ನನ್ನು ತನ್ನ ಕಟ್ಟೆಗೆ ಕರೆದು ಪಾಠ ಶುರುಮಾಡಿದಳು. ಪಕ್ಕದಲ್ಲಿ ಈರವ್ವ, ಇಬ್ಬರ ಮೇಲೂ ಒಂದೇ ಕೌದಿ.

"ಮೊದಲ ಉಸುರು ತಗೋ. ಆಮ್ಯಾಲೆ ಅದರ ಅಪ್ಪನ್ನ ಹಿಡಿ."

"ಅದಕ್ಕ ಅಪ್ಪ ಇಲ್ಲಜ್ಜಿ. ಗುತ್ತಿಗೆದಾರ ಕಟ್ಟಿಸಿದ್ದು."

"ಹಂಗಾರ ಗುತ್ತಿಗೆದಾರನ್ನ ಹಿಡಿ. ಅವಂಗ ಸಲ್ಲಬೇಕಾದ್ದ ಅದು."

"ಹೆಸರು ಗೊತ್ತಿಲ್ಲ."

"ಬೈಯಾಕ ಹೆಸರ ಬೇಕೇನ! ಏನ ಕಲತೀಯೇ ಅಷ್ಟು ವರ್ಷ?" ಎಂದು ಈರವ್ವ ಹಣೆ ಚಚ್ಚಿಕೊಂಡಳು. "ಎಲ್ಲಿ, 'ನಿನ್ನ ಮೋತಿಗೆ ಬೆಂಕಿ ಹಾಕ' ಅನ್ನು."

"ನಿಮ್ಮ ಮೋತಿಗೆ..."

"ನಿಮ್ಮ ಅಲ್ಲ, ನಿನ್ನ! ಬಹುವಚನದಾಗ ಯಾರರ ಬೈತಾರ? ಅದೇನ ತಹಶೀಲ್ದಾರ ಐತೇನ?"

ತಿಪ್ಪವ್ವ ನನ್ನ ಗಲ್ಲ ಹಿಡಿದು ನೋಡಿದಳು. "ನಿನ್ನ ಒಳಗ ಏನೋ ಐತಿ. ಹಲ್ಲಿನ ಸಂದ್ಯಾಗ ಸಿಕ್ಕೊಂಡಂಗ ಐತಿ. ಏನದು?"

"ಏನಿಲ್ಲಜ್ಜಿ."

"ಹ್ಞೂಂ. ಅದ ಏನಿಲ್ಲ ಅನ್ನೂದನ್ನ ಉಗುಳು ಅಂತ ನಾ ಹೇಳಾಕತ್ತೇನಿ."

ಸಂಜೆ ಅವ್ವ ಕಾರ್ಖಾನೆಯಿಂದ ಬಂದು, ಹೊಗೆಯ ಒಲೆಯ ಮುಂದೆ ಕೂತು ಕೊಬ್ಬರಿಎಣ್ಣೆಯನ್ನು ಅಂಗೈಗೆ ತಿಕ್ಕಿಕೊಳ್ಳುತ್ತಿದ್ದಳು. ನಿಂಬೆಯ ಹುಳಿಗೆ ಅವಳ ಬೆರಳುಗಳೆಲ್ಲ ಬೆಳ್ಳಗೆ ಸೀಳಿವೆ. ಉಪ್ಪು ತಾಗಿದರೆ ಉಸ್ಸೆನ್ನುತ್ತಾಳೆ, ಅದಕ್ಕೇ ಸಾರಿಗೆ ಉಪ್ಪು ಹಾಕುವವಳು ನಾನು.

"ಅವ್ವಾ, ಆ ಸಿಪ್ಪಿ ಐತಲ್ಲ..."

"ಸಿಪ್ಪಿ ಏನು?"

"ಅದನ್ನ ಹೊಟ್ಟಿಗೆ ಹಾಕದಿದ್ರ ಏನ ಮಾಡ್ತಾರ?"

"ಹಳ್ಳಕ್ಕ ಚೆಲ್ತಿದ್ರು ಮೊದಲ. ಮೀನು ಸತ್ತು ಗದ್ದಲಾಗಿ ನಿಲ್ಲಿಸಿದ್ರು. ಹೊಟ್ಟಿ ಒಲ್ಲೆ ಅಂದ್ರ ಕಾರ್ಖಾನಿ ಬಾಗಲಾ ಮುಚ್ಚಬೇಕಾಗತೈತಿ ಅಂತ ಮಾವ ಅಂತಿದ್ರು. ಯಾಕ ಕೇಳ್ತೀ?"

"ಸುಮ್ನ."

ಅವ್ವ ನನ್ನನ್ನೇ ನೋಡಿದಳು. ಸುಳ್ಳು ಹೇಳಿದಾಗ ನನ್ನ ಕಿವಿ ಕೆಂಪಾಗುತ್ತದೆಂದು ಅವಳಿಗೆ ಗೊತ್ತು. "ನಿಮ್ಮಪ್ಪ ಬಿದ್ದಾಗ ತಮ್ಮ ಗಾಡ್ಯಾಗ ಹಾಕ್ಕೊಂಡ ದವಾಖಾನಿಗೆ ಓಡಿದವರು ಅವರ" ಎಂದಳು. ಹಾಗೆಂದವಳು ಮತ್ತೆ ಎಣ್ಣೆ ತಿಕ್ಕತೊಡಗಿದಳು. ಆ ಮಾತನ್ನು ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ. ಡೈರಿ ತೆಗೆದೆ. ಎಷ್ಟು ಬರೆದರೂ ಹೊಟ್ಟೆಗೆ ಅದು ಕೇಳಿಸುವುದಿಲ್ಲ ಎನ್ನಿಸಿ ಮುಚ್ಚಿಟ್ಟೆ.

ಸಂತೆಯ ದಿನ ಊರಿಗೂರೇ ಸ್ಥಾವರದ ಅಂಗಳದಲ್ಲಿತ್ತು. ಶೇಂಗಾ ಮಾರುವವರೂ ಬಂದಿದ್ದರು, ತಿಂದವರು ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಗುಜರಿಯವನು ಆಗಲೇ ಬಂದು, ಗುಮ್ಮಟವನ್ನು ಗೆಣ್ಣಿನಿಂದ ಟಣ್ ಟಣ್ ಬಡಿದು ನೋಡುತ್ತಿದ್ದ, ಸಂತೆಯಲ್ಲಿ ಕಲ್ಲಂಗಡಿ ಕೊಳ್ಳುವವರ ಹಾಗೆ. ಕಬ್ಬಿಣ ಕೊಯ್ಯುವ ಸಲಕರಣೆ ಅವನ ಗಾಡಿಯಲ್ಲೇ ಇತ್ತು.

ನನ್ನ ದನಿ ಮೆಲ್ಲಗೆ ಎಂದು ಅಡಿವೆಪ್ಪ ಮಾವ ಕಾರ್ಖಾನೆಯಿಂದ ಎಣ್ಣೆ ಸುರಿಯುವ ದೊಡ್ಡ ತಗಡಿನ ಲಾಳಿಕೆಯನ್ನು ತಂದಿದ್ದರು. ಬಾಯಿಗೆ ಹಿಡಿದರೆ ಸಾಸಿವೆ ಎಣ್ಣೆಯ ವಾಸನೆ. ಏಣಿ ಹತ್ತಿ ತೊಟ್ಟಿಯ ಕಟ್ಟೆಯ ಮೇಲೆ ನಿಂತೆ.

"ಏ... ಏ ಹೊಟ್ಟಿಬಾಕ" ಎಂದೆ. ಲಾಳಿಕೆ ಅದನ್ನು ಎತ್ತಿ ಹೊಲದಾಚೆಗೆ ಎಸೆಯಿತು. ನನ್ನ ದನಿಗೆ ನಾನೇ ಬೆಚ್ಚಿದೆ. "ನಿನ್ನ... ನಿನ್ನ ತುಕ್ಕು ಹಿಡಿದ ಮೋತಿಗೆ... ದಯವಿಟ್ಟು..."

ಅಂಗಳ ಗೊಳ್ಳೆಂದಿತು. "ಅರ್ಜಿ ಬರೆದು ಕೊಡವ್ವಾ, ಹಂಗ್ಯಾಕ ತ್ರಾಸು!" ಎಂದ ಒಬ್ಬ. "ಕಡೀಕ ತಮ್ಮ ವಿಶ್ವಾಸಿ ಅಂತನೂ ಸೇರಸು!" ಎಂದ ಇನ್ನೊಬ್ಬ. ತಿಪ್ಪವ್ವ ಅವನ ಕಡೆಗೆ ತಿರುಗಿ, ಓರಗಿತ್ತಿಯ ಮೇಲೆ ಉಳಿದಿರದ ಸಿಟ್ಟನ್ನೆಲ್ಲ ತೋರಿಸಿ, "ಬಾಯಿ ಮುಚ್ಚೋ, ಹಲ್ಲಿಲ್ಲದ ಗರಗಸ!" ಎಂದಳು. ಹೊಟ್ಟೆ ಮಾತ್ರ ಅಲುಗಲಿಲ್ಲ.

"ನಗಬ್ಯಾಡ್ರೋ!" ಅಡಿವೆಪ್ಪ ಮಾವ ಗದರಿದರು. ಆಮೇಲೆ ನನ್ನತ್ತ ನೋಡಿ ಮೃದುವಾಗಿ, "ಬೈ ಮಗಳ, ಹೆದರಬ್ಯಾಡ. ಸೋಮಾರಿ ಅದು. ಊರ ಅನ್ನ ತಿಂದು ಬಿದ್ದಕೊಂಡೈತಿ. ನಾ ಇಷ್ಟು ಹಾಕ್ತೀನಿ, ಹಾಕಿದ್ದಕ್ಕೂ ನಿಯತ್ತಿಲ್ಲ ಅದಕ್ಕ."

ನನ್ನ ಕಾಲ ಬಳಿಯಲ್ಲೇ, ಕಬ್ಬಿಣದೊಳಗೆ, ಏನೋ ಗುಳುಕ್ಕೆಂದಿತು. ಬಹಳ ಸಣ್ಣ ಸದ್ದು. ವಾಂತಿಯಾದ ಮಗು ಅತ್ತು ಅತ್ತು ಸಾಕಾಗಿ ಕೊನೆಗೆ ಮಾಡುವಂಥದ್ದು. ಅದರ ಹಿಂದೆಯೇ ಹುಳಿ ವಾಸನೆ ಬಂತು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡು, "ಥೂ, ಕೊಳಕು" ಎಂದರು. ಗುಜರಿಯವನು ಮತ್ತೆ ಟಣ್ಣೆಂದು ಬಡಿದ.

ನನ್ನ ಕಿವಿ ಬಿಸಿಯಾಯಿತು. ಈ ಸಲ ನಾಚಿಕೆಯಿಂದಲ್ಲ. ಇಷ್ಟು ಜನ ಇಷ್ಟು ದಿನ ಅದಕ್ಕೆ ಏನೇನೆಲ್ಲ ಅಂದರು. ಏನಾಗಿದೆ ಎಂದು ಒಬ್ಬರೂ ಕೇಳಲಿಲ್ಲ. ಗೊತ್ತಿದ್ದ ನಾನೂ ಇವರ ಜೊತೆ ಏಣಿ ಹತ್ತಿ ಬಂದು ಅದರ ಮೇಲೆ ನಿಂತಿದ್ದೆ. ಜನರ ನಡುವೆ ಅವ್ವ ಕಂಡಳು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು. ಅವಳು ತಲೆ ಹೌದೆಂದೂ ಆಡಿಸಲಿಲ್ಲ, ಬೇಡವೆಂದೂ ಆಡಿಸಲಿಲ್ಲ.

ಗುಮ್ಮಟದ ಕಡೆಗಿದ್ದ ಲಾಳಿಕೆಯನ್ನು ತಿರುಗಿಸಿದೆ. ಅದರ ಅಗಲದ ಬಾಯಿ ಅಡಿವೆಪ್ಪ ಮಾವನ ಎದುರಿಗೆ ಬಂದು ನಿಂತಿತು. ಅವರು ನಗುತ್ತಲೇ ಇದ್ದರು.

"ಮಾವ," ಎಂದೆ. ಕೂಗಬೇಕಾಗಿ ಬರಲಿಲ್ಲ. "ಇದು ಸೋಮಾರಿ ಅಲ್ರೀ. ಇದಕ್ಕ ಜಡ್ಡಾಗೇತಿ. ನಿಮ್ಮ ನಿಂಬಿ ಸಿಪ್ಪಿ ತಿಂದು ಜಡ್ಡಾಗೇತಿ."